ಮಿರ್ಲಾಗೆ ಹಸಿವೋ ಅಜೀರ್ಣವೋ

ಮಿರ್ಲಾ ಎದ್ದು ನಿಂತ್ಕೊಳ್ತು.

ಮುಂದಿನ ಎರಡೂ ಚಕ್ರ ನೆಲ ಬಿಟ್ಟು ಮೇಲಕ್ಕೆ ಹೋದ್ವು, ಮೂತಿ ಆಕಾಶ ನೋಡ್ತು, ಹಿಂದೆ ಕಟ್ಟಿದ್ದ ಬಾಳೆಗೊನೆ, ಕಾಫಿ ಮೂಟೆಗಳ ಹೊರೆ ಇನ್ನೇನು ನೆಲಕ್ಕೆ ತಾಗ್ತು ಅನ್ನೋ ಹಾಗೆ ವಾಲ್ತು. ಆ ಹಳೇ ವಿಲ್ಲಿಸ್ ಜೀಪು ಹಿಂದಿನ ಎರಡೇ ಚಕ್ರದ ಮೇಲೆ ನಿಂತು, ಮದುವೆ ಮನೇಲಿ ಎಲ್ಲರೂ ಸೇರಿ ಎಳೆದು ಕುಣಿಸಿದ ದಪ್ಪ ಸೋದರತ್ತೆ ಥರ, ಮೆಲ್ಲಗೆ ಎಡಕ್ಕೆ ತಿರುಗೋಕೆ ಶುರು ಮಾಡ್ತು. ರುಬಿಯೇಲಾ ಡ್ಯಾಶ್‌ಬೋರ್ಡಿನ ಕೈ ಆಕ್ಸಿಲರೇಟರ್ ಗುಂಡಿ ಎಳೆದಿಟ್ಟು, ಸ್ಟೇರಿಂಗ್ ಬಿಟ್ಟು, ಪಕ್ಕದ ಮೆಟ್ಟಿಲ ಮೇಲೆ ಬಂದು ನಿಂತ್ಲು. ಅರ್ಧ ಮೈ ಗಾಳೀಲಿ. ಹ್ಯಾಟು ಬಿಚ್ಚಿ ಬೀಸಿದ್ಲು, ಅಂಗಳದಲ್ಲಿ ನೋಡೋರು ಇದ್ದದ್ದು ಎರಡು ಕೋಳಿ ಮತ್ತೆ ಗಂಡ ಲಿಬಾರ್ದೊ ಅಷ್ಟೇ ಆದ್ರೂ.

ಒಂದು ಸುತ್ತು ಆಯ್ತು. ಎರಡನೇದರ ಅರ್ಧಕ್ಕೆ ಬಂದಾಗ ಇಂಜಿನ್ನು ಗುಟುಕ್ ಅಂತು, ಕೆಮ್ಮಿತು, ಹಿಂದಿಂದ ಕರೀ ಹೊಗೆ ಉಗುಳಿ ಗಪ್ಪಂತ ನಿಂತೇಹೋಯ್ತು. ಇಂಜಿನ್ ನಿಂತ ಮೇಲೆ ಮೂತಿ ಮೇಲಿರುತ್ತಾ? ಧಡಾರ್ ಅಂತ ಕೆಳಗೆ ಬಿತ್ತು. ಒಂದು ಬಾಳೆಗೊನೆ ಹಗ್ಗ ಕಿತ್ಕೊಂಡು ಉರುಳ್ತಾ ಹೋಗಿ ಕೋಳಿ ಗೂಡಿಗೆ ಹೊಡೀತು.

"ನಿನ್ನ ಹೊರೆ!" ಅಂತ ಕೂಗಿದ್ಲು ರುಬಿಯೇಲಾ, ಇನ್ನೂ ಮೆಟ್ಟಿಲು ಹಿಡ್ಕೊಂಡೇ.

"ನಿನ್ನ ಕಾರ್ಬೋರೇಟರ್ರು!" ಅಂತ ಕೂಗಿದ ಲಿಬಾರ್ದೊ, ಗೊನೆ ಹಿಂದೆ ಓಡ್ತಾ.

ಈ ಜಗಳ ಹೋದ ವರ್ಷದ ಹಬ್ಬದ ದಿನ ಶುರುವಾಗಿದ್ದು. ಎಲ್ ಕ್ರುಸೆರೊ ಹಳ್ಳಿಯ ಹೊರೆ ಹೊತ್ಕೊಂಡು ಪೇಟೆ ಚೌಕದಲ್ಲಿ, ಅಷ್ಟು ಜನದ ಮುಂದೆ, ಮಿರ್ಲಾ ಹೀಗೇ ಬಿದ್ದಿತ್ತು. ಹೊರೆ ಅಂದ್ರೆ ಬರೀ ಹೊರೆ ಅಲ್ಲ, ಮನೆಗೊಂದು ಸಾಮಾನು. ಒಬ್ಬರ ಮನೆ ಕಾಫಿ ಮೂಟೆ, ಒಬ್ಬರದ್ದು ಅಜ್ಜಿ ಕಾಲದ ತಾಮ್ರದ ಹಂಡೆ, ಇನ್ನೊಬ್ಬರದ್ದು ಹುಂಜ, ಪಂಜರದ ಸಮೇತ. ಇಡೀ ಹಳ್ಳೀನೇ ಒಂದು ಜೀಪಿನ ಬೆನ್ನ ಮೇಲೆ ಕೂತು, ಆ ಜೀಪು ಹಿಂಗಾಲಲ್ಲಿ ನಿಂತು ಸುತ್ತೋದು. ಅದಕ್ಕೆ ಪೀಕೆ ಅಂತಾರೆ. ಪೀಕೆಯಲ್ಲಿ ನಿಂತ ಹಳ್ಳಿಯವರು ಮುಂದಿನ ವರ್ಷದ ತನಕ ಪೇಟೆಯಲ್ಲಿ ಎದೆ ಮುಂದೆ ಮಾಡ್ಕೊಂಡು ಓಡಾಡ್ತಾರೆ. ಬಿದ್ದವರು ಗೋಡೆ ಪಕ್ಕ ಹೋಗ್ತಾರೆ. ಹೋದ ವರ್ಷ ಎಲ್ ಕ್ರುಸೆರೊದವರು ಪೂರ್ತಿ ಗೋಡೆ ಪಕ್ಕಾನೇ ಹೋಗಿದ್ರು.

ಅವತ್ತು ಚೌಕದಲ್ಲಿ ಹಂಡೆ ಇನ್ನೂ ಉರುಳ್ತಿರುವಾಗಲೇ ರುಬಿಯೇಲಾ ಬಾಯಿಂದ ಬಂದ ಮೊದಲ ಮಾತು, "ಹೊರೆ ಕಟ್ಟಿದ್ದು ಸರಿ ಇಲ್ಲ" ಅಂತ. ಹೊರೆ ಕಟ್ಟಿದ್ದು ಲಿಬಾರ್ದೊ. ಆ ಕಣಿವೆಯಲ್ಲೇ ಅವನ ಹಾಗೆ ಹೊರೆ ಕಟ್ಟೋರು ಇಲ್ಲ. ಯಾವ ಮೂಟೆ ಎಲ್ಲಿ ಕೂತ್ರೆ ಮೂತಿ ಏಳತ್ತೆ, ಎಡಕ್ಕೆ ಎಷ್ಟು ವಾಲಿಸಿದ್ರೆ ಜೀಪು ಎಡಕ್ಕೆ ತಿರುಗತ್ತೆ, ಎಲ್ಲ ಅವನ ಅಂಗೈಯಲ್ಲಿ. ಆ ಮಾತು ಕೇಳಿ ಅವನು ಅವತ್ತು ಏನೂ ಅನ್ಲಿಲ್ಲ. ಅವತ್ತಿಂದ ಇವತ್ತಿನ ತನಕ ದಿನಾ ಅಂತಿದಾನೆ.

"ಆವೆ ಮರಿಯಾ! ಏನು ಸದ್ದು ಕೊಮಾದ್ರೆ, ಬೆಟ್ಟ ಕುಸೀತಾ?"

ಬೇಲಿ ಆಚೆ ಗಿಲ್ದಾರ್ದೊ. ಅವನದ್ದೂ ವಿಲ್ಲಿಸ್ಸೇ, ಅವನದ್ದೂ ಎಲ್ ಕ್ರುಸೆರೊದ ದಾರೀನೇ. ರುಬಿಯೇಲಾ ಮಗಳಿಗೆ ಚರ್ಚಲ್ಲಿ ಹೆಸರಿಡುವಾಗ ಎತ್ಕೊಂಡು ನಿಂತವನು ಅವನು, ಆದ್ದರಿಂದ ಅವನಿಗೆ ಅವಳು ಕೊಮಾದ್ರೆ, ಅವಳಿಗೆ ಅವನು ಕೊಂಪಾದ್ರೆ. ಬೀಗರ ಥರದ ಸಂಬಂಧ. ಮರ್ಯಾದೆ ಬಿಡಂಗಿಲ್ಲ, ಕಾಲೆಳೆಯೋದಕ್ಕೆ ಅಡ್ಡಿ ಇಲ್ಲ.

"ಬೆಟ್ಟ ಅಲ್ಲ ಕೊಂಪಾದ್ರೆ, ಕೋಳಿ ಗೂಡು" ಅಂದ್ಲು ರುಬಿಯೇಲಾ. "ಬನ್ನಿ, ಕಾಫಿ ಇದೆ. ನಗೋದಾದ್ರೆ ಕುಡಿದು ಆದ್ಮೇಲೆ ನಗಿ, ನೆತ್ತಿಗೇರತ್ತೆ."

ಅವನ ಹಿಂದೆ ಇನ್ನೊಬ್ಬರು ಬರ್ತಿದ್ರು, ದೋನ್ ಆರ್ಸೇಸಿಯೊ. ಹಳ್ಳಿ ಸಮಿತಿಯ ಅಧ್ಯಕ್ಷರು. ಬಿಳೀ ಹ್ಯಾಟು, ಹೆಗಲ ಮೇಲೆ ಮಡಿಸಿದ ಪೊಂಚೊ ಕಂಬಳಿ, ಮಾತು ಕಮ್ಮಿ. ಅವರು ಬಂದಿದ್ದಾರೆ ಅಂದ್ರೆ ಕಾಫಿಗೆ ಬಂದಿಲ್ಲ ಅಂತ ರುಬಿಯೇಲಾಗೆ ಗೊತ್ತಾಯ್ತು.

ದೋನ್ ಆರ್ಸೇಸಿಯೊ ಬಿದ್ದ ಗೊನೆ ನೋಡಿದ್ರು, ಗೂಡು ನೋಡಿದ್ರು, ಜೀಪಿನ ಮೂತಿ ಮೇಲೆ ಕೈ ಇಟ್ಟು ಅದೇನೋ ಹಸುವಿನ ಜ್ವರ ನೋಡೋ ಹಾಗೆ ನೋಡಿದ್ರು.

"ಮಗಳೇ, ಸಮಿತಿಯವರು ಕೂತು ಮಾತಾಡಿದ್ವಿ. ಈ ಸಲ ಹೊರೆ ಗಿಲ್ದಾರ್ದೊ ಜೀಪಿಗೆ ಹಾಕೋಣ ಅಂತ ಎಲ್ಲರೂ ಅಂದ್ರು."

ರುಬಿಯೇಲಾ ಕೈಯಲ್ಲಿದ್ದ ಹ್ಯಾಟು ಮಡಚಿ ಹೋಯ್ತು. ಸ್ಟೇರಿಂಗ್ ಹಿಡಿದಾಗಿಂದ ಹಳ್ಳಿ ಹೊರೆ ಹೊತ್ತಿದ್ದು ಅವಳ ಜೀಪೇ. ಹಾಲಿನ ಕ್ಯಾನು, ಬಸುರಿ ಹೆಂಗಸರು, ಶಾಲೆ ಮೇಷ್ಟ್ರು, ಶವದ ಪೆಟ್ಟಿಗೆ, ಎಲ್ಲ ಆ ಕೆಸರು ದಾರೀಲಿ ಹತ್ತಿಸಿ ಇಳಿಸಿದ್ದು ಅವಳೇ. ವರ್ಷಪೂರ್ತಿ ಹೊತ್ತವಳು ಹಬ್ಬದ ದಿನ ಕೈ ಕಟ್ಟಿ ನೋಡೋದಾ?

"ಎಲ್ಲರೂ ಅಂದ್ರು ಸರಿ. ನೀವು ಏನಂದ್ರಿ ದೋನ್ ಆರ್ಸೇಸಿಯೊ?"

"ನಾನು ಶನಿವಾರ ಮಧ್ಯಾಹ್ನದ ತನಕ ಕಾಯೋಣ ಅಂದೆ. ಶಾಲೆ ಮೈದಾನದಲ್ಲಿ ಹೊರೆ ಹೊತ್ತು ಮೂರು ಸುತ್ತು ನಿಂತ್ರೆ ನಿನ್ನದು. ಬಿದ್ರೆ ಭಾನುವಾರದ ಹಬ್ಬಕ್ಕೆ ಹೊರೆ ಗಿಲ್ದಾರ್ದೊದು."

ಅಷ್ಟು ಹೇಳಿ ಕಾಫಿ ಕುಡಿದೇ ಹೋದ್ರು, ಪಾಪ, ಮರ್ಯಾದಸ್ಥರು.

ಗಿಲ್ದಾರ್ದೊಗೆ ಸ್ವಲ್ಪ ನಾಚಿಕೆ ಆಯ್ತು. ಹೊರೆ ಬೇಕು ಅಂತ ಆಸೆ ಇತ್ತು ಅವನಿಗೆ, ಇಲ್ಲ ಅಂದ್ರೆ ಸುಳ್ಳಾಗತ್ತೆ, ಆದ್ರೆ ಕೊಮಾದ್ರೆ ಹೀಗೆ ಕಳ್ಕೊಂಡಿದ್ದು ತನಗೆ ಬರೋದು ಬೇಡ ಅಂತಾನೂ ಇತ್ತು. ಬಾನೆಟ್ ಎತ್ತಿ ತಲೆ ಒಳಗೆ ಹಾಕಿದ.

"ಹಸಿವು ಕೊಮಾದ್ರೆ. ಇವಳಿಗೆ ಹಸಿವು" ಅಂದ. "ಮೂತಿ ಮೇಲೆದ್ದಾಗ ಪೆಟ್ರೋಲು ಹಿಂದಕ್ಕೆ ಓಡತ್ತೆ. ಜೆಟ್ಟಿಗೆ ಸಿಗಲ್ಲ. ಹೊಟ್ಟೆಗಿಲ್ಲದೆ ಸುಸ್ತಾಗಿ ಬೀಳ್ತಾಳೆ. ನನ್ನ ಹತ್ರ ಒಂದು ದೊಡ್ಡ ಜೆಟ್ಟಿದೆ, ಹಾಕಿ ನೋಡಿ."

ಚೌಕದಲ್ಲಿ ಸಾಲಾಗಿ ಜೀಪು ನಿಲ್ಲಿಸೋ ಅಷ್ಟೂ ಡ್ರೈವರ್‌ಗಳು ಹೇಳೋದು ಇದನ್ನೇ. ಪೀಕೆಯಲ್ಲಿ ನಿಂತೋಯ್ತಾ? ಹಸಿವು. ದೊಡ್ಡ ಜೆಟ್ ಹಾಕು, ಪೆಟ್ರೋಲು ಹರಿಯೋ ತೂತು ದೊಡ್ಡದಾಗ್ಲಿ. ಅಜ್ಜಂದಿರ ಕಾಲದಿಂದ ಬಂದ ಔಷಧಿ. ರುಬಿಯೇಲಾನೂ ಅದನ್ನೇ ನಂಬಿದ್ಲು, ಅವಳೂ ಎಷ್ಟೋ ಜನಕ್ಕೆ ಇದೇ ಬುದ್ಧಿ ಹೇಳಿದ್ಲು. ಕಾರ್ಬೋರೇಟರ್ ಬಿಚ್ಚಿದ್ಲು, ದೊಡ್ಡ ಜೆಟ್ ಹಾಕಿದ್ಲು, ಮುಚ್ಚಿದ್ಲು, ಲಿಬಾರ್ದೊ ಗೊಣಗ್ತಾ ಹೊರೆ ಮತ್ತೆ ಕಟ್ಟಿದ.

ಈ ಸಲ ಒಂದು ಸುತ್ತೂ ಪೂರ್ತಿ ಆಗ್ಲಿಲ್ಲ. ಹೊಗೆ ಹೇಗಿತ್ತು ಅಂದ್ರೆ ಒಣಗಲು ಹಾಕಿದ್ದ ಬಟ್ಟೆಯೆಲ್ಲ ಇನ್ನೊಂದ್ಸಲ ಒಗೀಬೇಕಾಯ್ತು.

"ಹೊರೆ" ಅಂದ್ಲು ರುಬಿಯೇಲಾ, ಆದ್ರೆ ಈ ಸಲ ಸಣ್ಣ ದನಿಯಲ್ಲಿ.

ಲಿಬಾರ್ದೊ ಒಗೆದ ಬಟ್ಟೆ ತೆಗೆದು ಅವಳ ಕೈಗೆ ಕೊಟ್ಟ. ಬೆಳ್ಳಗಿದ್ದ ಅಂಗಿ, ಈಗ ಮಸಿ ಅಂಗಿ.

"ಮೂಸಿ ನೋಡು" ಅಂದ. "ನಾನು ಅಡುಗೆ ಮಾಡೋನು, ನನಗೆ ಇಂಜಿನ್ ಗೊತ್ತಿಲ್ಲ. ಹಸಿದವರು ಹೀಗೆ ನಾರ್ತಾರಾ?"

ರುಬಿಯೇಲಾ ಮೂಸಿದ್ಲು. ಹಸೀ ಪೆಟ್ರೋಲು. ಉರಿಯದೇ ಹಾಗೇ ಹೊರಗೆ ಬಂದ ಪೆಟ್ರೋಲು. ಆಮೇಲೆ ಅಂಗಿ ಅವನ ಭುಜದ ಮೇಲೇ ಎಸೆದು ಪಾನಾ ತಗೊಂಡು ಮೊದಲನೇ ಪ್ಲಗ್ಗು ಬಿಚ್ಚಿದ್ಲು.

ಪ್ಲಗ್ಗು ಕಪ್ಪು, ಒದ್ದೆ. ಎರಡನೇದೂ ಹಾಗೇ. ನಾಲ್ಕಕ್ಕೆ ನಾಲ್ಕೂ ಕಾಡಿಗೆ ಹಚ್ಚಿದ ಹಾಗೆ. ಹಸಿದ ಇಂಜಿನ್ನಿನ ಪ್ಲಗ್ಗು ಒಣಗಿ ಬೆಳ್ಳಗಿರತ್ತೆ, ಉಪವಾಸ ಇದ್ದವರ ತುಟಿ ಹಾಗೆ. ಇದು ಹಬ್ಬದೂಟ ಮಾಡಿ ತೇಗಿದ ಬಾಯಿ.

"ಹಸಿವಲ್ಲ ಕಣೋ" ಅಂದ್ಲು. "ಅಜೀರ್ಣ! ಇವಳಿಗೆ ಅಜೀರ್ಣ! ಗಂಟಲ ತನಕ ಕುಡಿಸಿ ಇಟ್ಟಿದೀವಿ, ಮೇಲಿಂದ ದೊಡ್ಡ ಜೆಟ್ ಬೇರೆ ಹಾಕಿ ಇನ್ನೂ ಕುಡಿಸ್ತಿದೀವಿ!"

"ನಾನು ಹೇಳಲಿಲ್ವಾ, ಕುಡುಕಿ ಇವಳು ಅಂತ? ವಾರಕ್ಕೊಂದ್ಸಲ ಟ್ಯಾಂಕ್ ಖಾಲಿ" ಅಂದ ಲಿಬಾರ್ದೊ.

ಗಿಲ್ದಾರ್ದೊ ತಲೆ ಅಲ್ಲಾಡಿಸಿದ. "ಅದು ಹೇಗಾಗತ್ತೆ? ದಾರೀಲಿ ಚೆನ್ನಾಗೇ ಓಡ್ತಾಳೆ. ಮೂತಿ ಎತ್ತಿದಾಗ ಮಾತ್ರ ಅಜೀರ್ಣವಾ? ನೋಡಿದೋರು ಯಾರು?"

ಅದೇ ಪ್ರಶ್ನೆ. ನೋಡಿದೋರು ಯಾರು? ಪೀಕೆಯಲ್ಲಿ ನಿಂತಾಗ ಬಾನೆಟ್ ಎತ್ತಿ ಒಳಗೆ ನೋಡೋಕಾಗತ್ತಾ? ನೆಲದ ಮೇಲೆ ನಿಂತ ಜೀಪನ್ನ ಟ್ಯೂನ್ ಮಾಡ್ತಾರೆ, ಗಾಳೀಲಿ ನಿಂತ ಜೀಪನ್ನ ಓಡಿಸ್ತಾರೆ. ಎಲ್ಲರೂ ಹೀಗೇ ಮಾಡೋದು. ಮಲಗಿದವನ ನಾಡಿ ಹಿಡಿದು, ಮರ ಹತ್ತಿದವನಿಗೆ ಔಷಧಿ ಕೊಟ್ಟ ಹಾಗಾಯ್ತಲ್ಲ ಅಂತ ಅವಳಿಗೆ ಥಟ್ಟನೆ ಹೊಳೀತು.

"ಹೊರೆ ಇಳಿಸು" ಅಂದ್ಲು ಲಿಬಾರ್ದೊಗೆ. "ಖಾಲಿ ಜೀಪನ್ನ ಮೂತಿ ಮೇಲೆ ಮಾಡಿ ನಿಲ್ಲಿಸ್ತೀನಿ."

ಮನೆ ಹಿಂದೆ ಕಾಫಿ ತೋಟಕ್ಕೆ ಇಳಿಯೋ ಒಂದು ಬದು ಇತ್ತು, ಗೋಡೆ ಹಾಗೆ ಕಡಿದು. ಮಿರ್ಲಾನ ಹಿಂದಕ್ಕೆ ಹಿಂದಕ್ಕೆ ಇಳಿಸಿ, ಹಿಂಚಕ್ರಕ್ಕೆ ಕಲ್ಲು ಕೊಟ್ಟು, ಬಂಪರನ್ನ ಹಗ್ಗದಿಂದ ಆವಕಾಡೊ ಮರಕ್ಕೆ ಕಟ್ಟಿದ್ರು. ಮೂತಿ ಪೂರ್ತಿ ಮೋಡದ ಕಡೆ. ಪೀಕೆಯಷ್ಟೇ ಕಡಿದು ಅಲ್ಲದಿದ್ರೂ ಹತ್ತಿರ ಹತ್ತಿರ.

"ಈಗ ನಿನ್ನ ಗ್ವಾರಾಪೊ ಪೈಪು ಕೊಡು."

"ಯಾವ ಪೈಪು?"

"ಕಬ್ಬಿನ ಹಾಲು ಹುಳಿ ಬರಿಸಿ ಕಳ್ಳು ಮಾಡ್ತೀಯಲ್ಲ, ಆ ಡ್ರಮ್ಮಿಂದ ಎಳೆದು ಕುಡಿಯೋ ಪೈಪು. ಅಕ್ಕಿ ಡಬ್ಬದ ಹಿಂದಿದೆ. ನನಗೇನು ಗೊತ್ತಿಲ್ಲ ಅನ್ಕೊಂಡ್ಯಾ?"

ಗಿಲ್ದಾರ್ದೊ ಬಿದ್ದು ಬಿದ್ದು ನಕ್ಕ. ಲಿಬಾರ್ದೊ ಕಿವಿ ಕೆಂಪಗೆ ಮಾಡ್ಕೊಂಡು ಒಳಗೆ ಹೋಗಿ ಪೈಪು ತಂದ. ಕಿರುಬೆರಳಿನಷ್ಟು ದಪ್ಪ, ಗಾಜಿನ ಹಾಗೆ ಆಚೆ ಈಚೆ ಕಾಣೋ ಪೈಪು.

ಕಾರ್ಬೋರೇಟರ್ ಮುಂಭಾಗದಲ್ಲಿ ಪೆಟ್ರೋಲು ನಿಲ್ಲೋ ಒಂದು ಬಟ್ಟಲಿರತ್ತೆ. ಅದರ ಹಿಂದೆ ಗಂಟಲು, ಗಾಳಿ ಪೆಟ್ರೋಲು ಬೆರೆತು ಒಳಗೆ ಹೋಗೋ ದಾರಿ. ಬಟ್ಟಲ ತಳದಲ್ಲಿ ಕೊಳೆ ಇಳಿಸೋಕೆ ಒಂದು ಸ್ಕ್ರೂ. ರುಬಿಯೇಲಾ ಆ ಸ್ಕ್ರೂ ಬಿಚ್ಚಿ ಅಲ್ಲಿಗೆ ಪೈಪು ಸಿಕ್ಕಿಸಿ, ಇನ್ನೊಂದು ತುದಿನ ಮೇಲಕ್ಕೆ ಎತ್ತಿ ಕಾರ್ಬೋರೇಟರ್ ಪಕ್ಕ ಕಟ್ಟಿ, ಪೆಟ್ರೋಲು ನಿಲ್ಲಬೇಕಾದ ಮಟ್ಟಕ್ಕೆ ಮಸಿಯಲ್ಲಿ ಒಂದು ಗೆರೆ ಎಳೆದ್ಲು. ಬಟ್ಟಲೊಳಗೆ ಪೆಟ್ರೋಲು ಎಷ್ಟು ಎತ್ತರಕ್ಕಿದೆಯೋ ಪೈಪಲ್ಲೂ ಅಷ್ಟೇ ಎತ್ತರಕ್ಕೆ ನಿಲ್ಲತ್ತೆ, ಬಾವಿ ನೀರು ಹಗ್ಗ ಬಿಟ್ಟು ನೋಡೋ ಕಷ್ಟ ಇಲ್ಲ.

ಇಂಜಿನ್ ಸ್ಟಾರ್ಟ್ ಮಾಡಿದ್ಲು. ಮೂರು ಜನವೂ ತಲೆಗೆ ತಲೆ ಕೊಟ್ಟು ಪೈಪೇ ನೋಡ್ತಾ ನಿಂತ್ರು. ಪೆಟ್ರೋಲು ಪೈಪಲ್ಲಿ ಹತ್ತಿತು, ನಿಲ್ಲಬೇಕಾದ ಗೆರೆ ದಾಟಿತು, ಇನ್ನೂ ಹತ್ತಿತು, ಗಂಟಲಿನ ಮಟ್ಟಕ್ಕೆ ಬಂದು ನಿಂತ್ಕೊಳ್ತು. ಮೂತಿ ಮೇಲಿದ್ದಿದ್ದರಿಂದ ಮುಂದಿನ ಬಟ್ಟಲು ಎತ್ತರಕ್ಕೆ, ಹಿಂದಿನ ಗಂಟಲು ತಗ್ಗಿಗೆ. ಬಟ್ಟಲು ತುಂಬಿ ತುಳುಕಿ ಹಿಂದಿನ ಗಂಟಲಿಗೇ ಸುರೀತಿತ್ತು. ಗುಟುಕ್. ಕೆಮ್ಮು. ಕರೀ ಹೊಗೆ. ಮಿರ್ಲಾ ನಿಂತೋಯ್ತು.

"ಮುಳುಗಿ ಸಾಯ್ತಿದಾಳೆ" ಅಂದ ಗಿಲ್ದಾರ್ದೊ ಮೆಲ್ಲಗೆ. ಆಮೇಲೆ ಹ್ಯಾಟು ತೆಗೆದು ತಲೆ ಕೆರೆದ. "ನಾವು ಎಷ್ಟು ಜನಕ್ಕೆ ದೊಡ್ಡ ಜೆಟ್ ಹಾಕಿಸಿದೀವಿ ಕೊಮಾದ್ರೆ?"

"ಆ ಲೆಕ್ಕ ಸ್ವರ್ಗದಲ್ಲಿ ಕೊಡೋಣ. ಮುಚ್ಚಳ ಬಿಚ್ಚಿ."

ಬಟ್ಟಲಿಗೆ ಪೆಟ್ರೋಲು ಬರೋ ಬಾಗಿಲು ಕಾಯೋದು ಒಂದು ಸೂಜಿ, ಆ ಸೂಜಿ ಎತ್ತೋದು ಒಂದು ಫ್ಲೋಟು, ಹಿತ್ತಾಳೆಯ ಟೊಳ್ಳು ಬುರುಡೆ. ಪೆಟ್ರೋಲು ತುಂಬಿದಂಗೆ ಅದು ತೇಲಿ ಮೇಲೆ ಬಂದು ಸೂಜಿ ಒತ್ತಿ ಬಾಗಿಲು ಮುಚ್ಚತ್ತೆ. ಸೂಜಿ ನೋಡಿದ್ಲು, ಚೆನ್ನಾಗಿತ್ತು. ಬಾಯಿಟ್ಟು ಊದಿ ನೋಡಿದ್ಲು, ಒಂದು ಚೂರೂ ಗಾಳಿ ಬಿಡ್ಲಿಲ್ಲ. ಫ್ಲೋಟ್ ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ಲು. ಒಳಗೆ ಪೆಟ್ರೋಲು ಸೇರಿದ್ರೆ ಗುಳಗುಳ ಅನ್ನಬೇಕು. ಸದ್ದಿಲ್ಲ.

"ಇದರಲ್ಲಿ ತೂತು ಇರೋಕೆ ಚಾನ್ಸೇ ಇಲ್ಲ" ಅಂದ್ಲು, ಎದೆ ಸ್ವಲ್ಪ ಉಬ್ಬಿಸಿ. "ನೋಡಿ ಬೆಸುಗೆ. ನನ್ನ ಕೈಯ್ಯದ್ದು."

ಎಲ್ ಕ್ರುಸೆರೊದಲ್ಲಿ ಏನನ್ನೂ ಎಸೆಯೋ ಪದ್ಧತಿ ಇಲ್ಲ. ಜೀಪಿನ ಜೊತೆ ಹುಟ್ಟಿದ ಭಾಗ ಜೀಪಿನ ಜೊತೆಗೇ ಇರಬೇಕು. ತೂತು ಬಿತ್ತಾ, ಬೆಸುಗೆ ಹಾಕು. ಮತ್ತೆ ಬಿತ್ತಾ, ಮತ್ತೆ ಹಾಕು. ಒಬ್ಬೊಬ್ಬರ ಫ್ಲೋಟ್ ಮೇಲಿನ ಬೆಸುಗೆ ನೋಡಿ ಎಷ್ಟು ವರ್ಷ ಆ ಜೀಪು ಸಾಕಿದಾರೆ ಅಂತ ಹೇಳಬಹುದು. ಗುಂಡಿ ಬಿಚ್ಚಿ ಗಾಯದ ಗುರುತು ತೋರಿಸೋ ಹಾಗೆ ಡ್ರೈವರ್‌ಗಳು ಚೌಕದಲ್ಲಿ ಫ್ಲೋಟ್ ತೋರಿಸ್ಕೋತಾರೆ. ರುಬಿಯೇಲಾದು ಎಲ್ಲಕ್ಕಿಂತ ಚಂದ. ದಪ್ಪ ದಪ್ಪ, ಹೊಳಪು ಹೊಳಪು, ಬೆಳ್ಳಿ ಬಿಲ್ಲೆ ಅಂಟಿಸಿದ ಹಾಗೆ. ಕೊನೇದು, ಎಲ್ಲಕ್ಕಿಂತ ದೊಡ್ಡದು, ಹೋದ ವರ್ಷ ಹಬ್ಬಕ್ಕೆ ಸ್ವಲ್ಪ ಮುಂಚೆ ಹಾಕಿದ್ದು.

ಆ ಮಾತು ತಲೇಲಿ ಬಂದಿದ್ದೇ ಅವಳ ಕೈ ನಿಂತೋಯ್ತು.

ಹಬ್ಬಕ್ಕೆ ಸ್ವಲ್ಪ ಮುಂಚೆ.

"ಕೊಂಪಾದ್ರೆ" ಅಂದ್ಲು, ದನಿ ಬೇರೆ ಆಗಿತ್ತು. "ನಿಮ್ಮ ಫ್ಲೋಟ್ ಬಿಚ್ಚಿ ಕೊಡ್ತೀರಾ? ಒಂದು ಗಳಿಗೆ."

ಒಂದು ಬೇಸಿನ್ನಿಗೆ ಪೆಟ್ರೋಲು ಸುರಿದು, ಒಲೆಯಿಂದ ದೂರ, ಲಿಬಾರ್ದೊ ಮೂರು ಸಲ "ಇನ್ನೂ ದೂರ, ಇನ್ನೂ ದೂರ" ಅಂದ ಮೇಲೆ ಬೇಲಿ ಹತ್ರ, ಎರಡೂ ಫ್ಲೋಟ್ ಬಿಟ್ಟು ನೋಡಿದ್ರು. ಗಿಲ್ದಾರ್ದೊದು ಬಾತುಕೋಳಿ ಥರ ತೇಲ್ತು. ರುಬಿಯೇಲಾದು ಎಮ್ಮೆ ಥರ, ಮೂಗು ಮಾತ್ರ ಮೇಲೆ, ಮಿಕ್ಕಿದ್ದೆಲ್ಲ ಒಳಗೆ.



"ಬೆಸುಗೆ ಭಾರ" ಅಂದ್ಲು ರುಬಿಯೇಲಾ. ಸೀಸದ ಭಾರಕ್ಕೆ ಫ್ಲೋಟು ಮುಳುಗಿ ಕೂರತ್ತೆ, ಬಟ್ಟಲು ತುಂಬಿ ಹೋದ್ರೂ ಸೂಜಿ ಮುಚ್ಚಲ್ಲ. ಸಪಾಟು ದಾರೀಲಿ ಹೇಗೋ ನಡೆಯತ್ತೆ, ಸ್ವಲ್ಪ ಜಾಸ್ತಿ ಕುಡಿಯತ್ತೆ ಅಷ್ಟೇ. ಮೂತಿ ಎತ್ತಿದ್ರೆ ಮುಳುಗತ್ತೆ.

"ಕಿವಿ ಹರಿಯೋವಷ್ಟು ವಾಲೆ ಹಾಕ್ಕೊಂಡ ಮದುಮಗಳು" ಅಂದ ಗಿಲ್ದಾರ್ದೊ. ಆಮೇಲೆ ಗಂಟಲು ಸರಿ ಮಾಡ್ಕೊಂಡು, "ಪೇಟೇಲಿ ಪ್ಲಾಸ್ಟಿಕ್ ಫ್ಲೋಟು ಸಿಗತ್ತೆ. ನಾಳೆ ಇಳೀತೀನಿ, ತಂದ್ಕೊಡ್ಲಾ?"

ಅದು ಒಳ್ಳೇ ಮನಸ್ಸಿಂದ ಕೇಳಿದ್ದು. ಆದ್ರೂ ರುಬಿಯೇಲಾ ತನ್ನ ಫ್ಲೋಟನ್ನ ಬೇಸಿನ್ನಿಂದ ಎತ್ಕೊಂಡ್ಲು. ಈ ಜೀಪಿಗೆ ಅವಳು ಪ್ಲಾಸ್ಟಿಕ್ ಹಾಕಿ ಎಲ್ ಕ್ರುಸೆರೊ ಹೊರೆ ಹೊರಿಸ್ತಾಳಾ? ಬೆಸುಗೆ ಹಾಕಿದ್ದು ತಪ್ಪಲ್ಲ. ಚಂದ ಕಾಣಲಿ ಅಂತ ಬೇಕಾದ್ದಕ್ಕಿಂತ ಜಾಸ್ತಿ ಹಾಕಿದ್ದು ತಪ್ಪು.

"ಬೇಡ ಕೊಂಪಾದ್ರೆ. ಹಾಕಿದ ಕೈಗೆ ತೆಗೆಯೋಕೂ ಬರಬೇಕು."

ಫ್ಲೋಟನ್ನ ಬಿಸಿಲಿಗಿಟ್ಟು ಪೆಟ್ರೋಲಿನ ವಾಸನೆ ಪೂರ್ತಿ ಹೋಗೋ ತನಕ ಕಾದ್ಲು. ಆಮೇಲೆ ಬೆಸುಗೆ ಕಡ್ಡಿ ಕೆಂಡದಲ್ಲಿ ಕಾಯಿಸಿ, ಒಂದೊಂದೇ ಗುಬುಟಿಗೆ ಮುಟ್ಟಿಸಿ, ಸೀಸ ಹೊಳೆದು ಕರಗ್ತಿದ್ದ ಹಾಗೇ ಬಟ್ಟೆಯಿಂದ ಒರೆಸಿ ತೆಗೆದ್ಲು. ಬಿಲ್ಲೆಗಳೆಲ್ಲ ಹೋದ್ವು. ಉಳಿದದ್ದನ್ನ ಅರದಿಂದ ಉಜ್ಜಿದ್ಲು, ಉಗುರಿಗೆ ಹಚ್ಚಿದ ಬಣ್ಣದಷ್ಟು ತೆಳ್ಳಗಾಗೋ ತನಕ. ಒಂದು ಉಜ್ಜು ಜಾಸ್ತಿ ಆದ್ರೆ ಹಳೇ ತೂತು ಬಾಯಿ ಬಿಡತ್ತೆ, ಒಂದು ಉಜ್ಜು ಕಮ್ಮಿ ಆದ್ರೆ ಶನಿವಾರ ಮೈದಾನದಲ್ಲಿ ಮೂತಿ ಬೀಳತ್ತೆ. ಉಸಿರು ಬಿಗಿ ಹಿಡಿದೇ ಉಜ್ಜಿದ್ಲು. ಲಿಬಾರ್ದೊ ಪಕ್ಕದಲ್ಲಿ ಬೆಲ್ಲದ ನೀರಿನ ಲೋಟ ಹಿಡ್ಕೊಂಡು ನಿಂತಿದ್ದ, ಕೊಡೋಕೆ ಧೈರ್ಯ ಸಾಲದೆ ತಾನೇ ಕುಡಿದುಬಿಟ್ಟ.

ಬಿಸಿನೀರಿನ ಪಾತ್ರೆ ಅಂಗಳಕ್ಕೆ ತಂದು ಫ್ಲೋಟನ್ನ ಮುಳುಗಿಸಿ ಹಿಡಿದ್ರು. ಎಲ್ಲಾದ್ರೂ ಸೋರ್ತಿದ್ರೆ ಬಿಸಿಗೆ ಒಳಗಿನ ಗಾಳಿ ಉಬ್ಬಿ ಗುಳ್ಳೆ ಬರತ್ತೆ. ಒಂದು ಗುಳ್ಳೆ ಬಂತು. ಮೂರೂ ಜನ ಬಗ್ಗಿದ್ರು. ಅದು ರುಬಿಯೇಲಾ ಬೆರಳ ಸಂದಿಂದ ಬಂದದ್ದು. ಇನ್ನೊಂದು ಬರ್ಲೇ ಇಲ್ಲ.

ಬೇಸಿನ್ನಿಗೆ ಬಿಟ್ರು. ಬಾತುಕೋಳಿ.

ಹಳೇ ಜೆಟ್ಟೇ ವಾಪಸ್ ಹಾಕಿ, ಸೂಜಿ ಒತ್ತೋ ಫ್ಲೋಟಿನ ನಾಲಿಗೆ ಒಂದು ಕೂದಲಷ್ಟು ಬಗ್ಗಿಸಿ, ಬದುವಿನ ಮೇಲೆ ಕಟ್ಟಿದ್ದ ಮಿರ್ಲಾನ ಸ್ಟಾರ್ಟ್ ಮಾಡಿದ್ಲು. ಪೈಪಲ್ಲಿ ಪೆಟ್ರೋಲು ಹತ್ತಿತು, ಗೆರೆ ಹತ್ರ ಬಂತು, ನಿಂತ್ಕೊಳ್ತು. ಅಲ್ಲೇ. ಒಂದು ತೊಟ್ಟೂ ಮೇಲೆ ಹೋಗ್ಲಿಲ್ಲ.

ಆಮೇಲೆ ಅವಳು ಮಾಡಿದ್ದನ್ನ ಆ ದಾರೀಲಿ ಹೋಗ್ತಿದ್ದ ಡ್ರೈವರ್‌ಗಳೆಲ್ಲ ಜೀಪು ನಿಲ್ಲಿಸಿ ನೋಡಿದ್ರು. ಮೂತಿ ಮೋಡಕ್ಕೆ ಕಟ್ಟಿದ ಜೀಪಿನ ಮೇಲೆ, ಬಾನೆಟ್ಟಿಗೆ ಹೊಟ್ಟೆ ಆನಿಸಿ ಮಲಗಿ, ರುಬಿಯೇಲಾ ಐಡ್ಲಿಂಗ್ ಟ್ಯೂನ್ ಮಾಡ್ತಿದ್ಲು.

"ಏ ರುಬಿಯೇಲಾ, ವಿಮಾನ ಹಾರಿಸ್ತೀಯಾ?" ಅಂತ ಒಬ್ಬ ಕೂಗಿದ.

"ಟಿಕೆಟ್ ತಗೊಂಡ್ಯಾ? ಇಲ್ದಿದ್ರೆ ದೂರ ನಿಲ್ಲು!" ಅಂದ್ಲು ತಲೆ ಎತ್ತದೆ.

ಗಾಳಿ ಸ್ಕ್ರೂ ಒಳಕ್ಕೆ ತಿರುಗಿಸಿದ್ಲು, ಇಂಜಿನ್ ತೊದಲಿತು. ಹೊರಕ್ಕೆ ತಿರುಗಿಸಿದ್ಲು, ಮತ್ತೆ ತೊದಲಿತು, ಈ ಸಲ ಬೇರೆ ಥರ, ದಪ್ಪ ದನಿಯಲ್ಲಿ. ಈ ಎರಡು ತೊದಲಿನ ಮಧ್ಯೆ ಎಲ್ಲೋ ಒಂದು ಜಾಗ ಇರತ್ತೆ, ಅಲ್ಲಿ ಇಂಜಿನ್ ತಾನಾಗೇ ಉಸಿರಾಡತ್ತೆ, ಯಾರೂ ಒತ್ತಾಯ ಮಾಡದೆ. ಅದನ್ನ ಕಣ್ಣಲ್ಲಿ ಹುಡುಕೋಕೆ ಆಗಲ್ಲ. ಅವಳು ಕಣ್ಣು ಮುಚ್ಚಿ ಹುಡುಕಿದ್ಲು. ಸ್ವಲ್ಪ ಒಳಕ್ಕೆ, ಒಂದು ಕೂದಲು ಹೊರಕ್ಕೆ. ಸದ್ದು ಒಂದೇ ಸಮ ಆಗ್ತಾ ಬಂತು, ಬೀಸೋ ಕಲ್ಲಿನ ಸದ್ದಿನ ಹಾಗೆ. ನಕ್ತಿದ್ದ ಡ್ರೈವರ್‌ಗಳು ಯಾವಾಗ ನಗೋದು ನಿಲ್ಲಿಸಿದ್ರೋ ಅವಳಿಗೆ ಗೊತ್ತಾಗ್ಲಿಲ್ಲ. ಕಣ್ಣು ತೆಗೆದಾಗ ಎಲ್ಲರೂ ಹ್ಯಾಟು ಹಿಂದಕ್ಕೆ ತಳ್ಳಿ ಕಿವಿ ಕೊಟ್ಟು ನಿಂತಿದ್ರು.

ಶನಿವಾರ ಶಾಲೆ ಮೈದಾನ ತುಂಬಿತ್ತು. ಪರೀಕ್ಷೆ ಅಂದ್ರೆ ಸಾಕು, ಎಲ್ ಕ್ರುಸೆರೊದಲ್ಲಿ ಯಾರೂ ಮನೇಲಿ ಕೂರಲ್ಲ. ಲಿಬಾರ್ದೊ ಮರಳು ಮೂಟೆ, ಬಾಳೆಗೊನೆ ಹಾಕಿ ಹೊರೆ ಕಟ್ಟಿ ಮುಗಿಸಿದ. ಹಗ್ಗದ ಕೊನೇ ಗಂಟು ಹಾಕುವಾಗ ಯಾರೋ ಹಿಂದಿಂದ, "ಈ ಸಲ ಸರಿಯಾಗಿ ಕಟ್ಟಪ್ಪಾ" ಅಂದ್ರು. ಅವನ ಬೆನ್ನು ಬಿಗಿಯಾಯ್ತು, ತಿರುಗಿ ನೋಡ್ಲಿಲ್ಲ.

ರುಬಿಯೇಲಾ ಅದನ್ನ ಕೇಳಿಸ್ಕೊಂಡ್ಲು. ಒಂದು ಕಾಲು ಜೀಪಲ್ಲಿಟ್ಟವಳು ವಾಪಸ್ ಇಳಿದ್ಲು. ಬಾನೆಟ್ ಮೇಲೆ ಹತ್ತಿ ನಿಂತ್ಲು.

"ಎಲ್ಲರೂ ಕೇಳಿ! ಹೋದ ವರ್ಷ ಬಿದ್ದದ್ದು ಹೊರೆಯಿಂದ ಅಲ್ಲ. ಹೊರೆ ಸರಿ ಇತ್ತು. ನನ್ನ ಕಾರ್ಬೋರೇಟರಲ್ಲಿ ನನ್ನದೇ ಬೆಸುಗೆ ಜಾಸ್ತಿ ಆಗಿತ್ತು. ಲಿಬಾರ್ದೊ ಕಟ್ಟಿದ ಹೊರೆಗೆ ಈ ಕಣಿವೇಲಿ ಸರಿಸಾಟಿ ಇಲ್ಲ!"



"ಹಿಂದಿನೋರಿಗೆ ಕೇಳಿಸ್ಲಿಲ್ಲ ಅನ್ಸತ್ತೆ" ಅಂದ ಲಿಬಾರ್ದೊ, ಗಂಟು ನೋಡ್ತಾ.

"ಸರಿಸಾಟಿ ಇಲ್ಲ ಅಂದೆ!"

"ಬೆಟ್ಟದ ಆಚೆಯವರಿಗೆ?"

"ಹೊಡೀತೀನಿ ಈಗ!"

ನಗು ಎದ್ದಿತು, ಲಿಬಾರ್ದೊ ಕೂಡ ನಕ್ಕ. ರುಬಿಯೇಲಾ ಸೀಟಿಗೆ ಇಳಿದು ಸ್ಟಾರ್ಟ್ ಮಾಡಿದ್ಲು. ಮೊದಲ ಗೇರು, ಕ್ಲಚ್ ಥಟ್ ಅಂತ ಬಿಟ್ಲು. ಮೂತಿ ಎದ್ದಿತು. ಮೆಟ್ಟಿಲ ಮೇಲೆ ಬಂದು ನಿಂತ್ಲು. ಒಂದು ಸುತ್ತು. ಎರಡನೇದರ ಅರ್ಧ, ಗುಟುಕ್ ಅನ್ನೋ ಜಾಗ. ಕಾಲ ಬೆರಳಿನ ತನಕ ಕಿವಿಯಾಗಿ ಕೇಳಿದ್ಲು. ಇಂಜಿನ್ನು ಬೀಸೋ ಕಲ್ಲಿನ ಹಾಗೆ ಬೀಸ್ತಾನೇ ಇತ್ತು. ಹೊಗೆ ಇಲ್ಲ. ಎರಡು ಸುತ್ತು.

ಮೂರನೇದಕ್ಕೆ ಅವಳು ಮೆಟ್ಟಿಲಿಂದಾನೂ ಇಳಿದುಬಿಟ್ಲು. ನೆಲದ ಮೇಲೆ, ಜೀಪಿನ ಪಕ್ಕದಲ್ಲಿ, ಮಡ್‌ಗಾರ್ಡ್ ಮೇಲೆ ಒಂದು ಕೈ ಇಟ್ಟು, ಕುದುರೆ ಹಿಡ್ಕೊಂಡು ನಡೆಯೋ ಹಾಗೆ ನಡೆದ್ಲು. ಡ್ರೈವರ್ ಇಲ್ಲದ ಮಿರ್ಲಾ ಹಿಂಗಾಲಲ್ಲಿ ನಿಂತು ಅವಳ ಜೊತೆ ತಿರುಗ್ತಿತ್ತು. ಗಿಲ್ದಾರ್ದೊ ಎಲ್ಲರಿಗಿಂತ ಮೊದಲು ಹ್ಯಾಟು ಮೇಲಕ್ಕೆ ಎಸೆದ. "ಅವಳು ನನ್ನ ಕೊಮಾದ್ರೆ!" ಅಂತ ಅಕ್ಕಪಕ್ಕದವರ ಭುಜ ಅಲ್ಲಾಡಿಸಿ ಅಲ್ಲಾಡಿಸಿ ಹೇಳಿದ, ಅವರಿಗೆಲ್ಲ ಅದು ಗೊತ್ತಿದ್ರೂ. ಮೂರು ಆಯ್ತು, ನಾಲ್ಕಾಯ್ತು, ಎಲ್ಲರೂ ಎಣಿಸೋದು ಬಿಟ್ರು. ಸಾಕು ಅನ್ಸಿದಾಗ ಅವಳೇ ಒಳಗೆ ಹತ್ತಿ ಆಕ್ಸಿಲರೇಟರ್ ಇಳಿಸಿದ್ಲು, ಮೂತಿ ಮೆತ್ತಗೆ ಕೆಳಗೆ ಬಂತು, ತೊಟ್ಟಿಲಲ್ಲಿ ಮಗು ಮಲಗಿಸಿದ ಹಾಗೆ.

ದೋನ್ ಆರ್ಸೇಸಿಯೊ ಎದ್ದು ಶಾಲೆ ಪಕ್ಕದ ತಮ್ಮ ಮನೆಗೆ ಹೋದ್ರು. ಜನ ಮುಖ ಮುಖ ನೋಡ್ಕೊಂಡ್ರು. ವಾಪಸ್ ಬಂದಾಗ ತಲೆ ಮೇಲೆ ಒಂದು ಚರ್ಮದ ಕುರ್ಚಿ ಹೊತ್ಕೊಂಡಿದ್ರು. ಸಮಿತಿ ಸಭೆಯಲ್ಲಿ ಅವರು ಕೂರೋ ಕುರ್ಚಿ. ಬೇರೆ ಯಾರೂ ಅದರಲ್ಲಿ ಕೂತಿದ್ದನ್ನ ಹಳ್ಳಿ ನೋಡಿಲ್ಲ. ಅದನ್ನ ಮಿರ್ಲಾ ಮುಂದೆ ಇಳಿಸಿ, "ನಾಳೆಗೆ ನಮ್ಮ ಮನೆಯದ್ದು ಇದು" ಅಂದ್ರು.

ಅಷ್ಟೇ ಸಾಕಾಗಿತ್ತು. ಜನ ಮನೆ ಕಡೆ ಓಡಿದ್ರು. ಮೂಟೆ ಬಂತು, ಹಂಡೆ ಬಂತು, ಒಬ್ಬಳು ಹೊಲಿಗೆ ಮಷೀನೇ ಎತ್ಕೊಂಡು ಬಂದ್ಲು.

"ಒಬ್ಬೊಬ್ಬರಾಗಿ!" ಅಂತ ಲಿಬಾರ್ದೊ ಮರಳು ಮೂಟೆ ಇಳಿಸ್ತಾ ಕೂಗ್ತಿದ್ದ, ರಾಜನ ದನಿಯಲ್ಲಿ. "ಹಂಡೆ ಹಿಂದೆ ಅಲ್ಲ, ಹಂಡೆ ಎಡಕ್ಕೆ! ಕುರ್ಚಿ ಎಲ್ಲಕ್ಕಿಂತ ಮೇಲೆ, ಊರಿಗೆಲ್ಲ ಕಾಣಬೇಕು! ಏ ರುಬಿಯೇಲಾ, ಇಂಜಿನ್ ಆಫ್ ಮಾಡೇ, ಪೆಟ್ರೋಲು ದಂಡ!"

ರುಬಿಯೇಲಾ ಸ್ಟೇರಿಂಗ್ ಮೇಲೆ ಗಲ್ಲ ಇಟ್ಕೊಂಡು ಕೂತಿದ್ಲು. ಕಾಲ ಕೆಳಗೆ ನೆಲ ಸಣ್ಣಗೆ ನಡುಗ್ತಿತ್ತು, ಒಂದೇ ಸಮ, ಒಂದು ತೊದಲೂ ಇಲ್ಲದೆ.

"ಇರ್ಲಿ ಬಿಡೋ ಮಾರಾಯ" ಅಂದ್ಲು. "ಇನ್ನೂ ಸ್ವಲ್ಪ ಹೊತ್ತು ಕೇಳ್ತೀನಿ."